ಮ್ಯೂನಿಕ್‌ಗೆ ಬಂದಿಳಿದ ಕನ್ನಡಿಗರಿಗೆ

ಮ್ಯೂನಿಕ್‌ಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬಾಡಿಗೆ ಮನೆ ಹೇಗೆ ಸಿಗುತ್ತದೆ, ಬ್ಯಾಂಕ್ ಖಾತೆ ಯಾವಾಗ ತೆರೆಯಬಹುದು, ಸೋನಾ ಮಸೂರಿ ಅಕ್ಕಿ ಎಲ್ಲಿದೆ. ಇವಕ್ಕೆಲ್ಲ ಉತ್ತರ ಕೊಡುತ್ತೇನೆ, ಆದರೆ ಬೇಗ ಬೇಗ. ಏಕೆಂದರೆ ಇವೆಲ್ಲ ಕೆಲವು ತಿಂಗಳಲ್ಲಿ ತಾವಾಗಿಯೇ ಬಗೆಹರಿಯುತ್ತವೆ. ಅದರ ನಂತರದ ಬದುಕೇ ದೊಡ್ಡದು. ಕಚೇರಿ, ಮನೆ, ಇಂಡಿಯನ್ ಅಂಗಡಿ, ವರ್ಷಕ್ಕೊಮ್ಮೆ ಬೆಂಗಳೂರಿನ ವಿಮಾನ, ಇಷ್ಟರಲ್ಲೇ ಸುತ್ತುತ್ತ ವರ್ಷಗಳನ್ನು ಕಳೆದ ಎಷ್ಟೋ ಸಂಸಾರಗಳನ್ನು ಬಲ್ಲೆ. ಅವರಿಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಊರಿನ ಪರಿಚಯ ಮಾತ್ರ ಇಲ್ಲ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಈ ಊರಿನವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಬೀದಿಗಿಳಿಯುತ್ತಾರೆ ಎಂಬುದೂ ಗೊತ್ತಿಲ್ಲ. ನೀವು ಹಾಗಾಗಬಾರದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಮನೆಗೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಎಂದು ಎಲ್ಲರ ಬಾಯಲ್ಲೂ ಕೇಳುವುದು ಇದನ್ನೇ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಮಿಕ್ಕ ಕೆಲಸಗಳೂ ಒಂದೊಂದಾಗಿ ಸಾಗುತ್ತವೆ. ಕಚೇರಿಯ ಸಮಯ ಕಾದಿರಿಸುವುದಕ್ಕೆ ವಾರಗಟ್ಟಲೆ ಹಿಡಿಯಬಹುದು, ಹಾಗಾಗಿ ಮನೆ ಗೊತ್ತಾದ ದಿನವೇ ಪ್ರಯತ್ನ ಶುರು ಮಾಡಿ.

ಇಲ್ಲೊಂದು ವಿಷಯವನ್ನು ಕನ್ನಡಿಗರಿಗೆಂದೇ ಒತ್ತಿ ಹೇಳಬೇಕು: ಅಂಚೆ ಪೆಟ್ಟಿಗೆಯ ಮೇಲಿನ ಹೆಸರು. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿನ ಸಂಖ್ಯೆ ಇರುವುದೇ ಇಲ್ಲ. ಬೀದಿ, ಕಟ್ಟಡದ ಸಂಖ್ಯೆ, ಪಿನ್‌ಕೋಡ್, ಅಷ್ಟೇ. ಅಂಚೆಯವರು ಸಾಲಾಗಿ ಜೋಡಿಸಿರುವ ಪೆಟ್ಟಿಗೆಗಳ ಮೇಲಿನ ಹೆಸರು ಓದಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ನಮ್ಮಲ್ಲಿ ಒಬ್ಬರ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗದಲ್ಲಿ ತಂದೆಯ ಹೆಸರು, ಇನ್ನೊಬ್ಬರದರಲ್ಲಿ ಊರಿನ ಹೆಸರು, ಮತ್ತೊಬ್ಬರದರಲ್ಲಿ ಆ ಜಾಗವೇ ಖಾಲಿ. ಗಂಡ ಹೆಂಡತಿಯ ಕುಲನಾಮಗಳೂ ಬೇರೆ ಬೇರೆ. ಬ್ಯಾಂಕಿನ ಗುಪ್ತಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು ಎಲ್ಲ ಬರುವುದು ಈ ಪೆಟ್ಟಿಗೆಗೇ. ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿ ಇರುವ ಎಲ್ಲ ಹೆಸರುಗಳನ್ನೂ, ಮನೆಮಂದಿ ಎಲ್ಲರದ್ದನ್ನೂ, ಪೆಟ್ಟಿಗೆಯ ಮೇಲೂ ಕರೆಗಂಟೆಯ ಮೇಲೂ ಮೊದಲ ದಿನವೇ ಅಂಟಿಸಿ. ಚೀಟಿ ಉದ್ದವಾದರೂ ಪರವಾಗಿಲ್ಲ.

ಮನೆಯ ವಿಷಯ. ಮ್ಯೂನಿಕ್ ಜರ್ಮನಿಯಲ್ಲೇ ಬಾಡಿಗೆ ಅತಿ ದುಬಾರಿಯಾದ ನಗರ. ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತೀರಿ, ಮನೆ ಬೆಚ್ಚಗಿಡುವ ಖರ್ಚು ಮತ್ತು ನಿರ್ವಹಣೆ ಸೇರದ್ದು ಒಂದು, ಸೇರಿದ್ದು ಇನ್ನೊಂದು. ಮುಂಗಡ ಠೇವಣಿ ಮೊದಲನೆಯ ಬಗೆಯ ಬಾಡಿಗೆಯ ಮೂರು ತಿಂಗಳಷ್ಟನ್ನು ಮೀರುವಂತಿಲ್ಲ, ಇದು ಕಾನೂನು. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಇದೊಂದು ಸಮಾಧಾನ. ಆದರೆ ಅಡುಗೆಮನೆ ಇದೆಯೇ ಎಂದು ಕೇಳಿಕೊಳ್ಳಿ. ಒಲೆ, ಸಿಂಕು, ಕಪಾಟು ಯಾವುದೂ ಇಲ್ಲದೆ ಬರೀ ನಲ್ಲಿ ಕೊಳವೆ ಇರುವ ಕೋಣೆಯನ್ನೇ ಅಡುಗೆಮನೆ ಎಂದು ಬಾಡಿಗೆಗೆ ಕೊಡುವುದು ಇಲ್ಲಿ ಮಾಮೂಲು. ಕಣ್ಣಾರೆ ನೋಡದ ಮನೆಗೆ ಒಂದು ಯೂರೋ ಕೂಡ ಕಳುಹಿಸಬೇಡಿ, ಮಾಲೀಕರು ವಿದೇಶದಲ್ಲಿದ್ದಾರೆ, ಕೀಲಿಕೈ ಅಂಚೆಯಲ್ಲಿ ಬರುತ್ತದೆ ಎನ್ನುವವರೆಲ್ಲ ಮೋಸಗಾರರೇ.

ಇನ್ನು ಕೆಲವು ಚಿಕ್ಕ ಸಂಗತಿಗಳು. ರೇಡಿಯೊ ಟಿ.ವಿ. ಶುಲ್ಕವೆಂದು ತಿಂಗಳಿಗೆ 18.36 ಯೂರೋ ಕೇಳುವ ಪತ್ರ ಬರುತ್ತದೆ. ಟಿ.ವಿ. ಇಲ್ಲದಿದ್ದರೂ ಕಟ್ಟಬೇಕು, ಆದರೆ ಮನೆಗೊಂದೇ ಶುಲ್ಕ. ಕರ್ನಾಟಕದ ವಾಹನ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆಯನ್ನೂ ರಸ್ತೆ ಪರೀಕ್ಷೆಯನ್ನೂ ಹೊಸದಾಗಿ ಪಾಸು ಮಾಡಬೇಕು, ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಜೀವಕ್ಕೆ ಅಪಾಯವಾದಾಗ 112, ರಾತ್ರಿ ಅಥವಾ ರಜೆಯ ದಿನ ಮಗುವಿಗೆ ಜ್ವರ ಬಂದಂಥ ಸಂದರ್ಭದಲ್ಲಿ 116117. ಎರಡನ್ನೂ ಫ್ರಿಜ್ಜಿನ ಮೇಲೆ ಬರೆದಿಡಿ.

ಈಗ ಅಡುಗೆಗೆ ಬರೋಣ, ಇಲ್ಲಿ ನಿಧಾನವಾಗಿ ಮಾತನಾಡುತ್ತೇನೆ. ರೈಲ್ವೆ ಮುಖ್ಯ ನಿಲ್ದಾಣದ ದಕ್ಷಿಣಕ್ಕೆ, ಗೋಥೆ ಬೀದಿಯ ಸುತ್ತಮುತ್ತ, ತುರ್ಕಿ ಅಂಗಡಿಗಳಿವೆ. ಕೊತ್ತಂಬರಿ, ಪುದೀನ, ಬದನೆ, ಬೆಂಡೆ ಅಲ್ಲಿ ಕಟ್ಟುಕಟ್ಟಾಗಿ ಸಿಗುತ್ತವೆ. ಅಕ್ಕಿ, ಬೇಳೆ, ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿವೆ. ಅವರೆಕಾಳು ಇಲ್ಲವೆಂದು ಕೊರಗಬೇಡಿ, ಶೀತಲ ಪೆಟ್ಟಿಗೆಯಲ್ಲಿ 'ಸುರ್ತಿ ಪಾಪಡಿ ಲೀಲ್ವಾ' ಎಂಬ ಗುಜರಾತಿ ಹೆಸರಿನ ಪೊಟ್ಟಣ ಹುಡುಕಿ. ಒಮ್ಮೆ ಬಿಸಿನೀರಿನಲ್ಲಿ ನೆನೆಸಿ ಹಿಸುಕಿದರೆ ಹಿತಕಿದ ಬೇಳೆಯ ಸಾರಿಗೆ ಸಿದ್ಧ. ಸೊಗಡು ಮಾತ್ರ ಡಿಸೆಂಬರಿನ ಮಾಗಡಿ ಅವರೆಯದಲ್ಲ, ಆದರೂ ಮನಸ್ಸಿಗೆ ಹಿತ.

ನನಗೆ ಇದಕ್ಕಿಂತ ಖುಷಿ ಕೊಡುವುದು ಜರ್ಮನರದೇ ತರಕಾರಿ ಅಂಗಡಿ. ಅಲ್ಲಿ ರಾಶಿ ಬಿದ್ದಿರುವ ಕೋಲ್‌ರಾಬಿ ನಮ್ಮ ನವಿಲುಕೋಸೇ. ಇದನ್ನು ಇಷ್ಟು ಪ್ರೀತಿಯಿಂದ ತಿನ್ನುವ ಜನ ಹಳೇ ಮೈಸೂರಿನವರನ್ನು ಬಿಟ್ಟರೆ ಇವರೇ ಇರಬೇಕು. ಎಳೆಯದನ್ನು ಸಿಪ್ಪೆ ತೆಗೆದು ಹಸಿಯಾಗಿ ಹೋಳು ಮಾಡಿ ಮಕ್ಕಳ ಶಾಲೆಯ ಡಬ್ಬಿಗೆ ಹಾಕುತ್ತಾರೆ. ಮೀನಿಗೂ ಸೌತೆಕಾಯಿ ಸಲಾಡಿಗೂ ಅವರು ಹಾಕುವ ಡಿಲ್ ಎಂಬ ಸೊಪ್ಪನ್ನು ಮೂಸಿ ನೋಡಿ, ಸಬ್ಬಸಿಗೆ! ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ವರ್ಷವಿಡೀ ಸಿಗುತ್ತದೆ. ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿಗೆ ಬೇಕಾದ್ದೆಲ್ಲ ಮನೆಯಿಂದ ಇನ್ನೂರು ಮೀಟರ್ ದೂರದಲ್ಲಿರುವಾಗ ಪರದೇಶ ಎಂದು ಮುಖ ಸಪ್ಪೆ ಮಾಡಿಕೊಳ್ಳುವುದೇಕೆ? ಏಪ್ರಿಲ್‌ನಿಂದ ಜೂನ್ 24ರವರೆಗೆ ಶತಾವರಿಯ ಕಾಲ. ಊರಿಗೆ ಊರೇ ಬಿಳಿ ಶತಾವರಿಯ ಗುಂಗಿನಲ್ಲಿರುತ್ತದೆ. ಹಸಿರು ಬಗೆಯದನ್ನು ತಂದು ಕಾಯಿತುರಿ ಹಾಕಿ ಪಲ್ಯ ಮಾಡಿ ನೋಡಿ.

ನಲ್ಲಿಯ ನೀರು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ ಬರುತ್ತದೆ, ನೇರವಾಗಿ ಕುಡಿಯಬಹುದು. ಸುಣ್ಣದ ಅಂಶ ಮಾತ್ರ ಹೆಚ್ಚು. ಕೆಟಲಿನ ತಳದಲ್ಲಿ ಬಿಳಿ ಕಟ್ಟಿದರೆ ಹೆದರಬೇಡಿ, ವಿನೆಗರ್ ಹಾಕಿ ಕುದಿಸಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗದಿದ್ದರೆ ಓವನ್‌ನ ದೀಪವನ್ನಷ್ಟೇ ಹಚ್ಚಿ ರಾತ್ರಿಯಿಡೀ ಒಳಗಿಡಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಮನೆಗಳಲ್ಲಿ ಮಲಗುವ ಕೋಣೆ ಮತ್ತು ನಡುದಾರಿಯ ಸೂರಿನಲ್ಲಿ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಕಿರುಚುತ್ತದೆ, ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆರೆದು ಒಗ್ಗರಣೆ ಹಾಕಿ. ಚಳಿ ಎಂದು ಕಿಟಕಿ ಮುಚ್ಚಿಯೇ ಇಟ್ಟರೆ ಅನ್ನದ ಆವಿಗೆ ಗೋಡೆಗಳ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಠೇವಣಿಗೇ ಕುತ್ತು. ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ, ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆಯಿರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಸಲ್ಲದು, ಮಿಕ್ಸಿಯಲ್ಲಿ ರುಬ್ಬುವುದನ್ನು ಅಷ್ಟರೊಳಗೆ ಮುಗಿಸಿ.

ಭಾನುವಾರ ಅಂಗಡಿಗಳಿಲ್ಲ. ವಾರದ ದಿನಗಳಲ್ಲೂ ಬವೇರಿಯಾದಲ್ಲಿ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. 2025ರಲ್ಲಿ ರಾಜ್ಯಕ್ಕೆ ಹೊಸ ಅಂಗಡಿ ಕಾನೂನು ಬಂದಾಗಲೂ ಈ 8 ಗಂಟೆಯ ಗೆರೆ ಅಲುಗಲಿಲ್ಲ. ಹೊಸಬರು ಮೊದಮೊದಲು ಗೊಣಗುತ್ತಾರೆ. ನಾನು ಭಾನುವಾರದ ಪರ. ಭಾನುವಾರ ಕೆಲಸಕ್ಕೆ ಬಿಡುವು, ಮನಸ್ಸಿಗೆ ಉನ್ನತಿ ಎಂಬ ಮಾತು 1919ರ ವೈಮಾರ್ ಸಂವಿಧಾನದಲ್ಲಿತ್ತು, ಈಗಿನ ಸಂವಿಧಾನವೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಅಂಗಡಿಯಲ್ಲಿ ದುಡಿಯುವ ಹೆಣ್ಣುಮಗಳಿಗೂ ಅವಳ ಮಕ್ಕಳಿಗೂ ಒಂದೇ ದಿನ ರಜೆ ಸಿಗಲಿ ಎಂದು ಒಂದು ದೇಶ ಸಂವಿಧಾನದಲ್ಲೇ ಬರೆದುಕೊಂಡಿದ್ದರೆ ಅದಕ್ಕೆ ನಾವು ಶನಿವಾರವೇ ಹಾಲು ತಂದಿಟ್ಟುಕೊಳ್ಳುವುದು ದೊಡ್ಡ ಕಷ್ಟವಲ್ಲ. ತೀರಾ ತುರ್ತಾದರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗಳು ತೆರೆದಿರುತ್ತವೆ. ಗೋಡೆಗೆ ಮೊಳೆ ಹೊಡೆಯುವುದು, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವುದು, ಎರಡೂ ಭಾನುವಾರ ಬೇಡ.

ಅದೇ ಭಾನುವಾರ ಬವೇರಿಯಾ ಸರ್ಕಾರದ ಹಲವು ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಒಂದು ಯೂರೋ. ಹಳೆಯ ಪಿನಾಕೋಥೆಕ್‌ಗೆ ಹೋಗಿ. ಅಲ್ಲಿ ಆಲ್‌ಬ್ರೆಷ್ಟ್ ಡ್ಯೂರರ್ 1500ರಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರವಿದೆ. ತುಪ್ಪಳದ ಅಂಚಿನ ಕೋಟು, ಭುಜಕ್ಕಿಳಿದ ಗುಂಗುರು ಕೂದಲು, ನೇರವಾಗಿ ನಮ್ಮನ್ನೇ ನೋಡುವ ಕಣ್ಣು. ಕೂದಲಿನ ಒಂದೊಂದು ಎಳೆಯನ್ನೂ ಎಣಿಸಬಹುದು. ವಿಜಯನಗರದ ವೈಭವದ ಕಾಲಕ್ಕೆ ಸರಿಸಮವಾಗಿ ಇಲ್ಲೊಬ್ಬ ಚಿತ್ರಕಾರ ಕನ್ನಡಿಯ ಮುಂದೆ ಕೂತು ತನ್ನ ಮುಖವನ್ನು ಇಷ್ಟು ಶ್ರದ್ಧೆಯಿಂದ ಓದುತ್ತಿದ್ದ ಎಂದು ನೆನೆದರೆ ರೋಮಾಂಚನವಾಗುತ್ತದೆ. ಇಡೀ ಸಂಗ್ರಹಾಲಯವನ್ನು ಒಂದೇ ದಿನ ಮುಗಿಸುವ ಹಟ ಬೇಡ. ಒಂದು ಯೂರೋಗೆ ನಾಲ್ಕು ಚಿತ್ರ ನೋಡಿ ಮನೆಗೆ ಬನ್ನಿ, ಮುಂದಿನ ತಿಂಗಳು ಮತ್ತೆ ಹೋಗಿ.

ಬಿಯರ್ ಗಾರ್ಡನ್ ಎಂದ ಕೂಡಲೇ ನಮ್ಮವರಲ್ಲಿ ಕೆಲವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. 1812ರಲ್ಲಿ ರಾಜ ಒಂದನೇ ಮ್ಯಾಕ್ಸ್ ಯೋಸೆಫ್, ಬಿಯರ್ ತಯಾರಕರು ತಮ್ಮ ನೆಲಮಾಳಿಗೆಗಳ ಬಳಿ ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರುವಂತಿಲ್ಲ ಎಂದು ಅಪ್ಪಣೆ ಕೊಡಿಸಿದ. ಅದರಿಂದ ಹುಟ್ಟಿದ್ದೇ ಜನ ಮನೆಯಿಂದ ಊಟ ಕಟ್ಟಿಕೊಂಡು ಬರುವ ಪದ್ಧತಿ. 1999ರ ಬವೇರಿಯಾ ನಿಯಮವೂ ಆ ಪದ್ಧತಿಯನ್ನು ಬಿಯರ್ ಗಾರ್ಡನ್‌ನ ಲಕ್ಷಣವೆಂದೇ ಗುರುತಿಸುತ್ತದೆ. ಎಂದರೆ ಹಿರ್ಶ್‌ಗಾರ್ಟನ್‌ನಲ್ಲಿ, ಸುಮಾರು 8,000 ಜನ ಕೂರಬಲ್ಲ ಜಾಗದಲ್ಲಿ, ಚೆಸ್ಟ್‌ನಟ್ ಮರದ ನೆರಳಿನಲ್ಲಿ ಕುಳಿತು ನೀವು ಚಿತ್ರಾನ್ನದ ಡಬ್ಬಿ ಬಿಚ್ಚುವುದು ನಿಮ್ಮ ಹಕ್ಕು. ಮೇಜಿನ ಮೇಲೆ ಬಟ್ಟೆ ಹಾಸಿರದ ಕಡೆ ಕೂರಿ, ಪಾನೀಯವನ್ನು ಮಾತ್ರ ಅಲ್ಲಿಯೇ ಕೊಳ್ಳಿ. ಸೋಡಾ ಬೆರೆಸಿದ ಸೇಬಿನ ರಸ ಎಲ್ಲೆಡೆ ಸಿಗುತ್ತದೆ. ಮೇಜು ಹಂಚಿಕೊಳ್ಳುವುದು ರೂಢಿ. ಎದುರಿಗೆ ಕೂತ ಅಪರಿಚಿತರು ಹಳದಿ ಅನ್ನ ಏನೆಂದು ಕೇಳುತ್ತಾರೆ, ಅವರ ಬ್ರೆಟ್ಸೆಲ್ ಎಂಬ ಗಂಟುಬ್ರೆಡ್ಡನ್ನು ಮುರಿದು ಕೊಡುತ್ತಾರೆ. ಈ ನಗರದಲ್ಲಿ ಗೆಳೆತನ ಶುರುವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಅಂದಹಾಗೆ, ಖಾಲಿ ಬಾಟಲಿಗಳನ್ನು ಕಸಕ್ಕೆ ಹಾಕಬೇಡಿ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಡಬ್ಬಿಗಳಿಗೆ 25 ಸೆಂಟ್ ವಾಪಸ್ ಬರುತ್ತದೆ, ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಕೊಟ್ಟರೆ ಚೀಟಿ ಸಿಗುತ್ತದೆ. ದಾರಿಯಲ್ಲಿದ್ದರೆ ತೊಟ್ಟಿಯ ಒಳಗಲ್ಲ, ಪಕ್ಕದಲ್ಲಿ ನಿಲ್ಲಿಸಿ ಹೋಗಿ. ಅದನ್ನು ಆಯ್ದು ನಾಲ್ಕು ಕಾಸು ಮಾಡಿಕೊಳ್ಳುವ ಬಡವರಿದ್ದಾರೆ, ಅವರು ಕಸಕ್ಕೆ ಕೈ ಹಾಕುವಂತಾಗಬಾರದು.

ತಿರುಗಾಟಕ್ಕೆ ಜರ್ಮನಿ ಟಿಕೆಟ್ ಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2026ರ ಜನವರಿಯಿಂದ 63 ಆಗಿದೆ. ಆದರೂ ದೇಶದ ಎಲ್ಲ ಪ್ರಾದೇಶಿಕ ರೈಲು, ನಗರದ ಬಸ್, ಟ್ರಾಮ್, ಮೆಟ್ರೊಗಳಲ್ಲಿ ತಿಂಗಳಿಡೀ ಓಡಾಡಬಹುದು. ವೇಗದ ದೂರಪ್ರಯಾಣದ ರೈಲುಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಇದರಲ್ಲೇ ಗಡಿ ದಾಟಿ ಸಾಲ್ಜ್‌ಬರ್ಗ್‌ವರೆಗೂ ಹೋಗಬಹುದು. ಹಿಂತಿರುಗುವಾಗ ಪೊಲೀಸರು ರೈಲಿನೊಳಗೆ ತಪಾಸಣೆ ಮಾಡುತ್ತಾರೆ, ಆದ್ದರಿಂದ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಎರಡೂ ಜೇಬಿನಲ್ಲಿರಲಿ. ಟೇಗರ್ನ್‌ಸೇ ಸರೋವರದ ಕಡೆಗೆ ಹೋಗುವಾಗ ಯಾವ ಬೋಗಿ ಹತ್ತುತ್ತಿದ್ದೀರಿ ಎಂದು ಫಲಕ ಓದಿಕೊಳ್ಳಿ. ಆ ಮಾರ್ಗದ ರೈಲು ದಾರಿಯಲ್ಲಿ ತುಂಡಾಗಿ ಒಂದೊಂದು ಭಾಗ ಒಂದೊಂದು ಊರಿಗೆ ಹೋಗುತ್ತದೆ. ಬೆಟ್ಟ ಹತ್ತುವಾಗ ಎದುರಾದ ಎಲ್ಲರಿಗೂ ನಮಸ್ಕಾರ ಹೇಳಬೇಕು. ಸಾವಿರ ಮೀಟರಿನ ಮೇಲೆ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುತ್ತಾರೆ ಎಂಬುದು ಆಲ್ಪ್ಸ್‌ನ ಪದ್ಧತಿ. ಕಚೇರಿಯಲ್ಲಿ ಬಹುವಚನ ತಪ್ಪಿಸದ ಹಿರಿಯರು ಬೆಟ್ಟದ ಮೇಲೆ ಗೆಳೆಯರಾಗಿಬಿಡುತ್ತಾರೆ.

ಎಲ್ಲ ಪ್ರವಾಸಗಳಿಗಿಂತ ಮೊದಲು ಮಾಡಬೇಕಾದದ್ದು ಒಂದಿದೆ. ಇದನ್ನು ಪ್ರತಿ ಕನ್ನಡಿಗನಿಗೂ ಹೇಳುತ್ತೇನೆ. ಮ್ಯೂನಿಕ್‌ನಿಂದ ಪಶ್ಚಿಮಕ್ಕೆ ಪ್ರಾದೇಶಿಕ ರೈಲು ಹಿಡಿಯಿರಿ. ಮೊದಲು ಉಲ್ಮ್. ಅಲ್ಲಿನ ಚರ್ಚಿನ ಗೋಪುರ 161.5 ಮೀಟರ್ ಎತ್ತರ, 1890ರಿಂದ ಜಗತ್ತಿನಲ್ಲೇ ಅತಿ ಎತ್ತರದ ಚರ್ಚ್ ಅದಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಅದನ್ನು ಮೀರಿಸಿತು. ಮೊಣಕಾಲು ಗಟ್ಟಿಯಿದ್ದರೆ 768 ಮೆಟ್ಟಿಲು ಹತ್ತಿ. ಅದೇ ಹಳಿಯಲ್ಲಿ ಮುಂದೆ, ಸ್ಟುಟ್‌ಗಾರ್ಟ್‌ಗೆ ಸ್ವಲ್ಪ ಮೊದಲು, ಎಸ್ಲಿಂಗನ್. ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲಿ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದವರು. ಅಲ್ಲಿಂದ ನೆಕಾರ್ ನದಿಯ ಗುಂಟ ಟ್ಯೂಬಿಂಗನ್. ಫರ್ಡಿನಂಡ್ ಕಿಟ್ಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಣು ಮುಚ್ಚಿದ್ದು ಆ ಊರಿನಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದಕ್ಕೂ ಮೊದಲು ಮೋಗ್ಲಿಂಗ್ ಅವರಿಗೂ ಕೊಟ್ಟಿತ್ತು.

ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕೇಶಿರಾಜನ ವ್ಯಾಕರಣವನ್ನು ಸಂಪಾದಿಸುವಷ್ಟು ಆಳಕ್ಕೆ ಇಳಿದ ಕಿಟ್ಟೆಲ್ ಅವರ ಊರಿನ ಬೀದಿಯಲ್ಲಿ ನಿಂತಾಗ ನನಗೆ ಅನ್ನಿಸುವುದು ಒಂದೇ. ಒಳ್ಳೆಯ ನಿಘಂಟುಗಳೇ ವಿರಳವಾಗಿದ್ದ ಕಾಲದಲ್ಲಿ, ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣಿಸಿ ಬಂದು ಅವರು ನಮ್ಮ ಭಾಷೆ ಕಲಿತರು. ನಮಗೆ ಇಲ್ಲಿ ನಗರದ ಜನಶಿಕ್ಷಣ ಶಾಲೆ ಇದೆ, ಸಂಜೆಯ ತರಗತಿ ಇದೆ, ಮೊಬೈಲ್ ಇದೆ. ಜರ್ಮನ್ ಕಲಿಯದಿರುವುದಕ್ಕೆ ನಮಗೆ ಯಾವ ನೆಪವೂ ಇಲ್ಲ. ಕಚೇರಿಯಲ್ಲಿ ಇಂಗ್ಲಿಷ್ ಸಾಕು ಎನ್ನುವುದು ನಿಜ. ಮಗುವಿನ ಟೀಚರ್, ವೈದ್ಯರ ಸ್ವಾಗತ ಮೇಜಿನ ಸಹಾಯಕಿ, ಬಾಡಿಗೆ ಪತ್ರದ ಏಳನೇ ಪುಟ, ಇವುಗಳ ಮುಂದೆ ಆ ಮಾತು ನಿಲ್ಲುವುದಿಲ್ಲ. ಹಿರಿಯರನ್ನು ನೀವು ಎಂದು, ಗೆಳೆಯರನ್ನು ನೀನು ಎಂದು ಕರೆಯುವ ಜರ್ಮನ್ ಭಾಷೆಯ ಸೂಕ್ಷ್ಮ ಇಂಗ್ಲಿಷರಿಗೆ ಕಷ್ಟ, ನಮಗೆ ರಕ್ತಗತ. ಇದೇ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಝೈಡೆನ್‌ಬೋಸ್ ಅವರು ಅನೇಕ ವರ್ಷ ಕನ್ನಡ ಕಲಿಸಿದರು ಎಂಬುದನ್ನೂ ತಿಳಿದಿರಿ.

ಡಾಹೌ ಬಗ್ಗೆ ಹೇಳದೆ ಹೋಗಲಾರೆ. ಮ್ಯೂನಿಕ್‌ನ ನಗರ ರೈಲಿನಲ್ಲೇ ಹೋಗಬಹುದಾದ ಊರು. 1933ರ ಮಾರ್ಚ್ 22ರಂದು ನಾಜಿಗಳು ಅಲ್ಲಿ ಯಾತನಾ ಶಿಬಿರ ತೆರೆದರು. 12 ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದರು, 41,500 ಜನ ಸತ್ತರು. ಈಗ ಅದು ಸ್ಮಾರಕ, ಪ್ರವೇಶ ಉಚಿತ. ಚಿತಾಗಾರದ ಬಳಿ ಗೋಡೆಯ ಮೇಲೆ ನಾಲ್ವರು ಹೆಣ್ಣುಮಕ್ಕಳ ಹೆಸರಿನ ಫಲಕವಿದೆ. ಅದರಲ್ಲಿ ಒಂದು ನೂರ್ ಇನಾಯತ್ ಖಾನ್. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದವಳು. ನಾಜಿಗಳ ವಶದಲ್ಲಿದ್ದ ಪ್ಯಾರಿಸ್‌ನಿಂದ ಗುಟ್ಟಾಗಿ ಬ್ರಿಟನ್ನಿಗೆ ನಿಸ್ತಂತು ಸಂದೇಶ ಕಳುಹಿಸುತ್ತಿದ್ದಳು, ಸಿಕ್ಕಿಬಿದ್ದಳು, 1944ರ ಸೆಪ್ಟೆಂಬರ್ 13ರಂದು ಇಲ್ಲಿ ಅವಳನ್ನು ಕೊಂದರು. ಆಗ ಅವಳಿಗೆ 30 ವರ್ಷ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ, ನೀವು ಮಾತ್ರ ಒಮ್ಮೆ ಹೋಗಲೇಬೇಕು. ಇಲ್ಲಿನ ರಾಜಕೀಯ ಮಾತಿನಲ್ಲಿ ದನಿ ಏಕೆ ಹಠಾತ್ತನೆ ಬಿಗಿಯಾಗುತ್ತದೆ ಎಂಬುದು ಅಲ್ಲಿಗೆ ಹೋಗಿಬಂದ ಮೇಲೆ ಅರ್ಥವಾಗುತ್ತದೆ.

ರಾಜಕೀಯ ನಮಗೇಕೆ ಎನ್ನಬೇಡಿ, ಅದು ನಮ್ಮ ಬಗ್ಗೆಯೇ ನಡೆಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಇಲ್ಲಿನ ಸರ್ಕಾರ ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಕೆಲವೇ ತಿಂಗಳಲ್ಲಿ, 2025ರ ಫೆಬ್ರುವರಿ ಚುನಾವಣೆಯಲ್ಲಿ, ವಲಸೆಯನ್ನು ವಿರೋಧಿಸುವ ಎ.ಎಫ್.ಡಿ. ಪಕ್ಷ ಶೇ 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಎರಡೂ ಒಂದೇ ದೇಶದ ಮಾತು. ಬಸ್ಸಿನಲ್ಲಿ ಯಾರೋ ಏನೋ ಅಂದರೆ ಇಡೀ ಊರನ್ನು ದೂರಬೇಡಿ, ಹಾಗೆಂದು ನುಂಗಿಕೊಳ್ಳಲೂ ಬೇಡಿ. ಮನೆ ಬಾಡಿಗೆಯಲ್ಲೋ ಕೆಲಸದಲ್ಲೋ ಬಣ್ಣ, ಮೂಲ ನೋಡಿ ತಾರತಮ್ಯ ಮಾಡುವುದರ ವಿರುದ್ಧ 2006ರಿಂದ ಕಾನೂನಿದೆ, ಉಚಿತ ಸಲಹೆಯೂ ಸಿಗುತ್ತದೆ. 2024ರ ಜನವರಿ 21ರಂದು ಬಲಪಂಥದ ಉಗ್ರರ ವಿರುದ್ಧ ಇದೇ ಊರಿನ ವಿಜಯದ್ವಾರದ ಬಳಿ ಸೇರಿದ ಜನರ ಸಂಖ್ಯೆ ಪೊಲೀಸರ ಲೆಕ್ಕದಲ್ಲೇ ಸುಮಾರು ಒಂದು ಲಕ್ಷ. ಇಕ್ಕಟ್ಟು ಮಿತಿಮೀರಿ ಸಭೆಯನ್ನೇ ನಿಲ್ಲಿಸಬೇಕಾಯಿತು. ಕೊರೆಯುವ ಚಳಿಯಲ್ಲಿ ನಮ್ಮಂಥವರ ಪರವಾಗಿ ಅಷ್ಟು ಜನ ನಿಂತರು ಎಂಬುದನ್ನು ನಾನು ಮರೆಯುವುದಿಲ್ಲ.

ಟಿ.ವಿ.ಯಲ್ಲಿ ರಾತ್ರಿ 8ರ ತಾಗೆಸ್‌ಷೌ ವಾರ್ತೆ 15 ನಿಮಿಷ, 1952ರಿಂದ ನಡೆದುಬಂದಿದೆ. ಭಾಷೆ ಕಲಿಯುತ್ತಿರುವವರಿಗೆ 2024ರಿಂದ ಅದರ ಸರಳ ಜರ್ಮನ್ ಆವೃತ್ತಿಯೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ವೀಸಾ ಸುದ್ದಿಗಳನ್ನು ಬಿಟ್ಟು ಅದನ್ನು ನೋಡಿ. ಪೌರತ್ವದ ವಿಷಯವನ್ನೇ ತೆಗೆದುಕೊಳ್ಳಿ. 2024ರ ಜೂನ್‌ನಲ್ಲಿ ಕಾಯುವ ಅವಧಿ ಎಂಟರಿಂದ ಐದು ವರ್ಷಕ್ಕೆ ಇಳಿಯಿತು, ಮೂರೇ ವರ್ಷದ ಒಳದಾರಿಯೊಂದು ತೆರೆಯಿತು. ಆ ಒಳದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ಮುಚ್ಚಿದರು. ಜರ್ಮನಿ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒ.ಸಿ.ಐ. ಕಾರ್ಡ್ ಇದ್ದವರು ಊರಿನಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ತೋಟ ಗದ್ದೆಯ ಕನಸು ಇರುವವರು ಸಹಿ ಹಾಕುವ ಮೊದಲು ಮನೆಯವರೊಂದಿಗೆ ಕೂತು ಯೋಚಿಸಿ. ಪೌರತ್ವ ಪಡೆಯದವರೂ ಮ್ಯೂನಿಕ್‌ನ ವಲಸಿಗರ ಮಂಡಳಿಗೆ ಮತ ಹಾಕಬಹುದು, ಚುನಾವಣೆ ಬಂದಾಗ ತಪ್ಪಿಸಬೇಡಿ.

ಹಬ್ಬಗಳ ಲೆಕ್ಕ ಇಲ್ಲಿ ಬೇರೆ. ನವೆಂಬರ್ 1 ಬವೇರಿಯಾದಲ್ಲಿ ಸಕಲ ಸಂತರ ದಿನ, ಸಾರ್ವಜನಿಕ ರಜೆ. ರಜೆ ಸಿಕ್ಕಿತು, ರಾಜ್ಯೋತ್ಸವ ಅಂದೇ ಮಾಡೋಣ ಎಂದು ಹೊಸಬರು ಉತ್ಸಾಹದಿಂದ ಹೇಳುತ್ತಾರೆ. ಆದರೆ ಕಾನೂನಿನಲ್ಲಿ ಅದು ಮೌನದ ದಿನ, ಸಾರ್ವಜನಿಕವಾಗಿ ಹಾಡು ಕುಣಿತ ಸಲ್ಲದು. ಜನ ಹೂವು, ದೀಪ ಹಿಡಿದು ಗತಿಸಿದ ಹಿರಿಯರ ಸಮಾಧಿಗೆ ಹೋಗುತ್ತಾರೆ. ಅಂದು ನಾವು ಮನೆಯಲ್ಲಿ ಭುವನೇಶ್ವರಿಗೆ ದೀಪ ಹಚ್ಚಿ, ಡೊಳ್ಳನ್ನು ಬೇರೊಂದು ಶನಿವಾರಕ್ಕೆ ಇಟ್ಟುಕೊಳ್ಳುತ್ತೇವೆ. ದೀಪಾವಳಿಗೆ ಪಟಾಕಿ ಸಿಗುವುದಿಲ್ಲ, ಡಿಸೆಂಬರಿನ ಕೊನೆಯ ಮೂರು ದಿನ ಮಾತ್ರ ಅದರ ಮಾರಾಟ. ಆದರೆ ನವೆಂಬರ್ 11ರ ಸಂಜೆ ಶಿಶುವಿಹಾರದ ಮಕ್ಕಳೆಲ್ಲ ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಹಾಡುತ್ತ ಬೀದಿಯಲ್ಲಿ ಹೋಗುತ್ತಾರೆ. ನಮಗೆ ಅದು ಕಾರ್ತಿಕದ ಆಸುಪಾಸು. ನಮ್ಮ ಮಕ್ಕಳನ್ನೂ ಕಳುಹಿಸಿ, ನೀವೂ ಹಿಂದೆ ನಡೆಯಿರಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ಓಡಾಡಿ, ಡಿ ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಿ. ಮನಸ್ಸು ಕುಗ್ಗಿದರೆ ಬಾಯಿ ಬಿಟ್ಟು ಯಾರಿಗಾದರೂ ಹೇಳಿ, ನಾವೆಲ್ಲ ಇದ್ದೇವೆ.

ಕೊನೆಯದಾಗಿ, ಊರಿನಿಂದ ಅಪ್ಪ ಅಮ್ಮ ಬರುವ ವಿಷಯ. ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಮೇ, ಜೂನ್‌ನಲ್ಲಿ ಕರೆಸಿ, ಚಳಿಯಿಲ್ಲ, ರಾತ್ರಿ ಒಂಬತ್ತರವರೆಗೂ ಬೆಳಕು. ದಿನನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಇಡೀ ವಾಸಕ್ಕಾಗುವಷ್ಟು ತರಲಿ. ಅವರನ್ನು ನಾಲ್ಕು ಗೋಡೆಯೊಳಗೆ ಕೂರಿಸಬೇಡಿ. ತಿಂಗಳ ಟಿಕೆಟ್ ಕೊಡಿಸಿ, ಮನೆಯಿಂದ ನಿಂಫೆನ್‌ಬುರ್ಗ್ ಅರಮನೆಯ ಉದ್ಯಾನಕ್ಕೆ ಹೋಗಿಬರುವ ದಾರಿಯನ್ನು ಜೊತೆಯಲ್ಲಿ ನಡೆದು ತೋರಿಸಿ, ವಿಳಾಸ ಬರೆದ ಚೀಟಿ ಜೇಬಿಗೆ ಹಾಕಿ, ಆಮೇಲೆ ಅವರಷ್ಟಕ್ಕೆ ಬಿಡಿ. ಉದ್ಯಾನಕ್ಕೆ ಟಿಕೆಟ್ ಇಲ್ಲ, ಬೆಂಚುಗಳು ಧಾರಾಳ. ಅಮ್ಮ ಪಕ್ಕದಲ್ಲಿ ಕೂತ ಜರ್ಮನ್ ಅಜ್ಜಿಯನ್ನು ಕನ್ನಡದಲ್ಲೇ ಮಾತನಾಡಿಸುತ್ತಾರೆ, ಆಕೆ ಬವೇರಿಯಾದ ಮಾತಿನಲ್ಲೇ ಉತ್ತರ ಕೊಡುತ್ತಾರೆ, ಮೊಮ್ಮಕ್ಕಳ ಫೋಟೊಗಳು ಹೊರಗೆ ಬರುತ್ತವೆ. ಒಂದಷ್ಟು 50 ಸೆಂಟ್ ನಾಣ್ಯಗಳನ್ನು ಅವರ ಪರ್ಸಿಗೆ ಹಾಕಿಡಿ, ಸಾರ್ವಜನಿಕ ಶೌಚಾಲಯಗಳಿಗೆ ಬೇಕಾಗುತ್ತವೆ.